ಕರ್ತವ್ಯದ ಪ್ರಯಾಣ, ಸೇವೆಯ ಪ್ರಯಾಣ: ವಾಹನ ವೆಚ್ಚ ಪಡೆಯುವ ಕ್ರಮ

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಅವಗಾಹನೆಗಾಗಿ

ತಾಲ್ಲೂಕು ಕೇಂದ್ರದಲ್ಲಿ ಸಭೆ, ಜಿಲ್ಲಾ ಕೇಂದ್ರದಲ್ಲಿ ತರಬೇತಿ, ದೂರದ ಮಜರೆ ಗ್ರಾಮದಲ್ಲಿ ಕುಡಿಯುವ ನೀರಿನ ಕಾಮಗಾರಿಯ ಪರಿಶೀಲನೆ: ಗ್ರಾಮ ಪಂಚಾಯಿತಿ ಸದಸ್ಯರ ಕೆಲಸದಲ್ಲಿ ಓಡಾಟ ತಪ್ಪಿದ್ದಲ್ಲ. ಇದರ ಜೊತೆಗೆ, ವಾಹನವುಳ್ಳ ಸದಸ್ಯರ ಮನೆಯ ಬಾಗಿಲನ್ನು ಊರಿನವರು ಅಪರಾತ್ರಿಯಲ್ಲೂ ತಟ್ಟುತ್ತಾರೆ. ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕು, ರಕ್ತ ಕೊಡುವವರನ್ನು ಕರೆದೊಯ್ಯಬೇಕು, ವೃದ್ಧರನ್ನು ಬ್ಯಾಂಕಿಗೆ ಮುಟ್ಟಿಸಬೇಕು. ಮೊದಲನೆಯದು ಕರ್ತವ್ಯದ ಪ್ರಯಾಣ, ಎರಡನೆಯದು ಸೇವೆಯ ಪ್ರಯಾಣ. ಎರಡಕ್ಕೂ ಇಂಧನ ಖರ್ಚಾಗುತ್ತದೆ. ಆದರೆ ಎರಡರ ಲೆಕ್ಕವೂ ಒಂದೇ ಅಲ್ಲ.

ಈ ಭೇದವನ್ನು ಅರಿಯದಿರುವುದರಿಂದ ಎರಡು ಬಗೆಯ ಹಾನಿ ಉಂಟಾಗುತ್ತದೆ. ಕೆಲವರು, ವಿಶೇಷವಾಗಿ ದೂರದ ವಾರ್ಡುಗಳಿಂದ ಆಯ್ಕೆಯಾದ ಮಹಿಳೆಯರು ಮತ್ತು ಕೂಲಿಯನ್ನು ಬಿಟ್ಟು ಸಭೆಗೆ ಬರುವ ಸದಸ್ಯರು, ನ್ಯಾಯವಾಗಿ ಸಲ್ಲಬೇಕಾದ ಪ್ರಯಾಣ ವೆಚ್ಚವನ್ನು ಕೇಳುವುದಿಲ್ಲ. ಕೈಯಿಂದ ಖರ್ಚು ಮಾಡಿ ದಣಿದ ಮೇಲೆ ಸಭೆಗಳಿಗೆ ಬರುವುದೇ ಕಡಿಮೆಯಾಗುತ್ತದೆ. ಅವರ ವಾರ್ಡಿನ ಮಾತು ಸಭೆಯಲ್ಲಿ ಕೇಳಿಬರುವುದು ನಿಲ್ಲುತ್ತದೆ. ಇನ್ನು ಕೆಲವರು ಪ್ರಾಮಾಣಿಕವಾಗಿಯೇ ಓಡಾಡಿದ್ದರೂ ದಾಖಲೆಯಿಲ್ಲದೆ ಬಿಲ್ಲು ಸಲ್ಲಿಸುತ್ತಾರೆ. ವರ್ಷಗಳ ನಂತರ ಲೆಕ್ಕಪರಿಶೋಧನೆಯಲ್ಲಿ ಅದು ಆಕ್ಷೇಪಣೆಯಾಗಿ ವಸೂಲಿಯ ಹಂತಕ್ಕೆ ಬಂದಾಗ ಉತ್ತರ ಕೊಡಲು ತೊಡಕಾಗುತ್ತದೆ. ಈ ಎರಡನ್ನೂ ತಪ್ಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪ್ರಯಾಣ ಭತ್ಯೆ ಎಂದರೆ ಏನು, ಏನಲ್ಲ

ಗೌರವಧನ, ಪ್ರಯಾಣ ಭತ್ಯೆ, ದಿನಭತ್ಯೆ ಎಂಬ ಮೂರು ಪದಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಗೌರವಧನವು ಸದಸ್ಯರು ಹೊಂದಿರುವ ಸ್ಥಾನಕ್ಕೆ ಸಲ್ಲುವ ಮೊತ್ತ. ದಿನಭತ್ಯೆಯು ಕರ್ತವ್ಯದ ಮೇಲೆ ಹೊರಗೆ ಉಳಿದ ಅವಧಿಯ ಊಟ ಮತ್ತು ಇತರ ವೆಚ್ಚಕ್ಕೆ ಸಂಬಂಧಿಸಿದ್ದು. ಪ್ರಯಾಣ ಭತ್ಯೆಯು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೋಗಿ ಬಂದ ವೆಚ್ಚದ ಮರುಪಾವತಿ. ಸ್ವಂತ ವಾಹನ ಬಳಸಿದಾಗ ಇದನ್ನು ಕಿಲೋಮೀಟರಿಗೆ ಇಂತಿಷ್ಟು ಎಂಬ ದರದಲ್ಲಿ ಲೆಕ್ಕ ಹಾಕಲಾಗುತ್ತದೆ. ರೂಢಿಯ ಮಾತಿನಲ್ಲಿ ಇದನ್ನೇ ಮೈಲೇಜ್ ಎನ್ನುತ್ತೇವೆ.

ಕಿಲೋಮೀಟರ್ ದರದಲ್ಲಿ ಪೆಟ್ರೋಲ್ ಅಥವಾ ಡೀಸೆಲ್ ಬೆಲೆಯಷ್ಟೇ ಅಡಗಿರುವುದಿಲ್ಲ. ಟೈರಿನ ಸವೆತ, ಆಯಿಲ್ ಬದಲಾವಣೆ, ದುರಸ್ತಿ, ವಿಮೆ, ವಾಹನದ ಮೌಲ್ಯದ ಇಳಿಕೆ ಇವೆಲ್ಲದರ ಒಂದೊಂದು ಪಾಲು ಅದರಲ್ಲಿ ಸೇರಿದೆ. ಆದ್ದರಿಂದ ಕಿಲೋಮೀಟರ್ ದರವನ್ನು ಪಡೆದು, ಅದೇ ಪ್ರಯಾಣಕ್ಕೆ ಪೆಟ್ರೋಲ್ ಬಂಕಿನ ರಸೀದಿಯನ್ನೂ ಲಗತ್ತಿಸಿದರೆ ಒಂದೇ ವೆಚ್ಚವನ್ನು ಎರಡು ಬಾರಿ ಕೇಳಿದಂತಾಗುತ್ತದೆ. ದರವು ದ್ವಿಚಕ್ರ ವಾಹನಕ್ಕೆ ಬೇರೆ, ಕಾರಿಗೆ ಬೇರೆ. ಬೈಕಿನಲ್ಲಿ ಹೋಗಿ ಕಾರಿನ ದರ ನಮೂದಿಸುವುದು ಸಣ್ಣ ವ್ಯತ್ಯಾಸವೆಂದು ತೋರಬಹುದು. ಲೆಕ್ಕಪತ್ರದ ದೃಷ್ಟಿಯಲ್ಲಿ ಅದು ಸುಳ್ಳು ಕ್ಲೇಮು.

ದರಗಳನ್ನು ಸರ್ಕಾರವು ಕಾಲಕಾಲಕ್ಕೆ ಪರಿಷ್ಕರಿಸುವುದರಿಂದ, ಪ್ರಯಾಣದ ದಿನದಂದು ಜಾರಿಯಲ್ಲಿದ್ದ ಆದೇಶದ ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಪಡೆದು, ಅದರ ಸಂಖ್ಯೆ ಮತ್ತು ದಿನಾಂಕವನ್ನು ಬಿಲ್ಲಿನಲ್ಲಿ ನಮೂದಿಸತಕ್ಕದ್ದು. ಪಕ್ಕದ ಪಂಚಾಯಿತಿಯಲ್ಲಿ ಇಷ್ಟು ಕೊಟ್ಟಿದ್ದಾರೆ ಎಂಬ ಮಾತು ಆಧಾರವಾಗುವುದಿಲ್ಲ.

2. ಯಾವ ಪ್ರಯಾಣ ಕರ್ತವ್ಯದ್ದು

ಪ್ರಯಾಣ ಹೊರಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಕೆಲಸ ಪಂಚಾಯಿತಿಯದೇ? ನನಗೆ ಈ ಕೆಲಸವನ್ನು ವಹಿಸಿದ ಲಿಖಿತ ಆಧಾರವಿದೆಯೇ? ಇದರ ವೆಚ್ಚವನ್ನು ಬೇರೆ ಯಾರೂ ಭರಿಸುತ್ತಿಲ್ಲವೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಕ್ಲೇಮಿಗೆ ಭದ್ರ ನೆಲೆಯಿದೆ.

ಲಿಖಿತ ಆಧಾರವೆಂದರೆ ಸಭೆಯ ನೋಟಿಸು, ತರಬೇತಿಯ ಪತ್ರ, ಅಥವಾ ಸ್ಥಳ ಪರಿಶೀಲನೆಗೆ ಸದಸ್ಯರನ್ನು ನೇಮಿಸಿದ ಪಂಚಾಯಿತಿ ಸಭೆಯ ಠರಾವು. ಠರಾವಿನಲ್ಲಿ ‘ಸದಸ್ಯರು ಹೋಗಿಬರುವುದು’ ಎಂದಷ್ಟೇ ಇದ್ದರೆ ಸಾಲದು. ಯಾರು, ಯಾವ ದಿನಾಂಕದಂದು, ಯಾವ ಕೆಲಸಕ್ಕೆ, ಎಲ್ಲಿಗೆ ಎಂಬುದಿರಬೇಕು. ತುರ್ತು ಸಂದರ್ಭದಲ್ಲಿ ದೂರವಾಣಿಯ ಸೂಚನೆಯ ಮೇರೆಗೆ ಹೊರಟಿದ್ದರೆ, ಹಿಂದಿರುಗಿದ ಕೂಡಲೇ ವರದಿ ಬರೆದು ಕೊಟ್ಟು, ಮುಂದಿನ ಸಭೆಯಲ್ಲಿ ಮಂಡಿಸುವಂತೆ ಕೋರಬೇಕು.

ಮೂರನೆಯ ಪ್ರಶ್ನೆಯೇ ಹೆಚ್ಚು ಬಾರಿ ಮರೆತುಹೋಗುವಂಥದ್ದು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯ ತರಬೇತಿಯಾಗಲಿ, ತಾಲ್ಲೂಕು ಮಟ್ಟದ ತರಬೇತಿಯಾಗಲಿ, ಸಂಘಟಕರೇ ಪ್ರಯಾಣ ವೆಚ್ಚ ಕೊಟ್ಟಿದ್ದರೆ ಅದೇ ಪ್ರಯಾಣಕ್ಕೆ ಪಂಚಾಯಿತಿಯಲ್ಲಿ ಬಿಲ್ಲು ಸಲ್ಲಿಸುವಂತಿಲ್ಲ. ಇಲಾಖೆಯ ಜೀಪಿನಲ್ಲೋ ಪಂಚಾಯಿತಿಯ ವಾಹನದಲ್ಲೋ ಹೋಗಿದ್ದರೆ ಕಿಲೋಮೀಟರ್ ಭತ್ಯೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಹಾಗೆಯೇ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಶೂನ್ಯ ಟಿಕೆಟ್ ಪಡೆದು ಸಾರಿಗೆ ಬಸ್ಸಿನಲ್ಲಿ ಪ್ರಯಾಣಿಸಿದ ಸದಸ್ಯೆಯರು ಬಸ್ ದರವನ್ನು ಕ್ಲೇಮು ಮಾಡಲು ಬರುವುದಿಲ್ಲ. ಆ ಸೀಟಿನ ವೆಚ್ಚವನ್ನು ಸರ್ಕಾರ ಈಗಾಗಲೇ ಭರಿಸಿದೆ. ಆದರೆ ಊರಿನಿಂದ ಬಸ್ ನಿಲ್ದಾಣದವರೆಗೆ ಆಟೋ ಹಿಡಿಯಬೇಕಾಗಿ ಬಂದಿದ್ದರೆ, ಅಥವಾ ದಿನಭತ್ಯೆಗೆ ಅವಕಾಶವಿದ್ದರೆ, ಅವು ಬೇರೆ ಬಾಬತ್ತುಗಳು. ಆದೇಶದಲ್ಲಿ ಅವಕಾಶವಿರುವಷ್ಟನ್ನು ಸಂಕೋಚವಿಲ್ಲದೆ ಕೇಳಬಹುದು.

3. ದೂರದ ಲೆಕ್ಕ: ಒಂದು ಉದಾಹರಣೆ

ಗ್ರಾಮ ಪಂಚಾಯಿತಿ ಕಚೇರಿಯಿಂದ ತಾಲ್ಲೂಕು ಕೇಂದ್ರಕ್ಕೆ 26 ಕಿ.ಮೀ. ಎಂದಿಟ್ಟುಕೊಳ್ಳೋಣ. ಸದಸ್ಯರೊಬ್ಬರು ಸಭೆಯ ನೋಟಿಸಿನ ಮೇರೆಗೆ ಕಚೇರಿಯಿಂದ ಸ್ವಂತ ಕಾರಿನಲ್ಲಿ ಹೊರಡುತ್ತಾರೆ. ಹೊರಡುವಾಗ ಮೀಟರ್ 18,240 ತೋರಿಸುತ್ತದೆ. ಸಭೆ ಮುಗಿದ ಬಳಿಕ ಪಟ್ಟಣದಾಚೆಯ ಬಂಧುಗಳ ಮನೆಗೆ ಹೋಗಿ ಬರುತ್ತಾರೆ. ಕಚೇರಿಗೆ ಮರಳಿದಾಗ ಮೀಟರ್ 18,306. ವಾಹನ ಓಡಿದ್ದು 66 ಕಿ.ಮೀ., ಆದರೆ ಕರ್ತವ್ಯದ ದೂರ 26 ಮತ್ತು 26 ಸೇರಿ 52 ಕಿ.ಮೀ. ಮಾತ್ರ. ಉಳಿದ 14 ಕಿ.ಮೀ. ಸ್ವಂತ ಪ್ರಯಾಣ. ಲೆಕ್ಕದ ಅನುಕೂಲಕ್ಕಾಗಿ ಕಿಲೋಮೀಟರಿಗೆ 10 ರೂಪಾಯಿ ದರವೆಂದು ಭಾವಿಸಿದರೆ, ಕೇಳಬೇಕಾದ ಮೊತ್ತ 660 ಅಲ್ಲ, 520 ರೂಪಾಯಿ. ಬಂಧುಗಳ ಮನೆಗೆ ಹೋದದ್ದು ತಪ್ಪಲ್ಲ, ಅದನ್ನು ಲೆಕ್ಕದಿಂದ ಕಳೆಯದಿರುವುದು ತಪ್ಪು. ಪುಸ್ತಕದಲ್ಲಿ 14 ಕಿ.ಮೀ. ಸ್ವಂತದ್ದೆಂದು ಬರೆದಿದ್ದರೆ, ಉಳಿದ 52 ಕಿ.ಮೀ.ಗೆ ಅದೇ ಪುಸ್ತಕ ಸಾಕ್ಷಿಯಾಗುತ್ತದೆ.

ಸದಸ್ಯರ ಮನೆಯು ತಾಲ್ಲೂಕು ಕೇಂದ್ರದ ದಾರಿಯಲ್ಲಿಯೇ 4 ಕಿ.ಮೀ. ಮುಂದಿದ್ದು, ಅಲ್ಲಿಂದಲೇ ಹೊರಟಿದ್ದರೆ ದೂರ 22 ಮತ್ತು 22 ಸೇರಿ 44 ಕಿ.ಮೀ. ಆಗ ಕಚೇರಿಯಿಂದ ಹೊರಟಂತೆ 52 ಎಂದು ಬರೆಯಬಾರದು. ಓಡಿಸಿದ್ದಕ್ಕಿಂತ ಹೆಚ್ಚು ದೂರವನ್ನು ಎಂದೂ ತೋರಿಸದಿರುವುದೇ ಇಲ್ಲಿನ ಸೂತ್ರ.

ದಾರಿಯ ವಿಷಯದಲ್ಲಿ, ವಾಹನ ಸಂಚಾರಕ್ಕೆ ಯೋಗ್ಯವಾದ ಹತ್ತಿರದ ಮಾರ್ಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮಳೆಗಾಲದಲ್ಲಿ ಹಳ್ಳದ ಸೇತುವೆ ಮುಳುಗಿ ಸುತ್ತುದಾರಿ ಹಿಡಿಯಬೇಕಾಗಿ ಬಂದರೆ, ಆ ಕಾರಣವನ್ನು ಅಂದೇ ಒಂದು ಸಾಲಿನಲ್ಲಿ ಬರೆದಿಡಿ. ಟೋಲ್ ಶುಲ್ಕಕ್ಕೆ ಆದೇಶದಲ್ಲಿ ಅವಕಾಶವಿದ್ದರೆ ರಸೀದಿಯನ್ನು ಲಗತ್ತಿಸಿ.

ಮೂವರು ಸದಸ್ಯರು ಒಂದೇ ಕಾರಿನಲ್ಲಿ ಹೋಗುವುದು ಮೆಚ್ಚತಕ್ಕ ಕ್ರಮ. ಆಗ ಕಿಲೋಮೀಟರ್ ಭತ್ಯೆ ಕೇಳಬೇಕಾದವರು ವಾಹನ ಒದಗಿಸಿದ ಒಬ್ಬರು ಮಾತ್ರ. ಉಳಿದಿಬ್ಬರ ಹೆಸರನ್ನು ಅದೇ ಬಿಲ್ಲಿನಲ್ಲಿ ಸಹಪ್ರಯಾಣಿಕರೆಂದು ಬರೆಯಬೇಕು. ಒಂದು ವಾಹನದ ಒಂದು ಓಟಕ್ಕೆ ಮೂರು ಬಿಲ್ಲುಗಳು ಬಂದಾಗ, ಒಂದೇ ದಿನಾಂಕ, ಒಂದೇ ಸಭೆ ಮತ್ತು ಒಂದೇ ನೋಂದಣಿ ಸಂಖ್ಯೆ ಲೆಕ್ಕಪರಿಶೋಧಕರ ಕಣ್ಣಿಗೆ ಬೀಳದೆ ಇರುವುದಿಲ್ಲ.

4. ಪ್ರಯಾಣ ಪುಸ್ತಕ

ನೂರು ಪುಟದ ಒಂದು ನೋಟ್‌ಬುಕ್ ಇದಕ್ಕೆ ಸಾಕು. ಪ್ರತಿ ಪ್ರಯಾಣಕ್ಕೆ ಕೆಳಗಿನ ಅಂಶಗಳನ್ನು ಬರೆಯಿರಿ.

ಅ) ದಿನಾಂಕ, ಹೊರಟ ವೇಳೆ, ಮರಳಿದ ವೇಳೆ
ಆ) ಎಲ್ಲಿಂದ ಎಲ್ಲಿಗೆ, ಯಾವ ಮಾರ್ಗವಾಗಿ
ಇ) ಕೆಲಸದ ವಿವರ ಮತ್ತು ನೋಟಿಸು ಅಥವಾ ಠರಾವಿನ ಸಂಖ್ಯೆ
ಈ) ವಾಹನದ ನೋಂದಣಿ ಸಂಖ್ಯೆ
ಉ) ಆರಂಭದ ಮತ್ತು ಕೊನೆಯ ಮೀಟರ್ ಅಂಕಿ
ಊ) ಸ್ವಂತ ಕೆಲಸದ ದೂರ, ಕರ್ತವ್ಯದ ದೂರ
ಋ) ಸಹಪ್ರಯಾಣಿಕರ ಹೆಸರು ಮತ್ತು ಸಹಿ

ಈ ಪುಸ್ತಕದ ಬೆಲೆಯಿರುವುದು ಅದನ್ನು ಅಂದಂದೇ ಬರೆಯುವುದರಲ್ಲಿ. ಮೂರು ತಿಂಗಳ ಪ್ರಯಾಣವನ್ನು ಒಂದೇ ಸಂಜೆ, ಒಂದೇ ಶಾಯಿಯಲ್ಲಿ ಬರೆದ ಪುಸ್ತಕ ನೋಡಿದೊಡನೆ ಗುರುತು ಸಿಗುತ್ತದೆ. ಪ್ರತಿ ಸಲವೂ 50, 60, 100 ಎಂಬ ದುಂಡು ಅಂಕಿಗಳೇ ಇದ್ದರೂ ಸಂಶಯ ಮೂಡುತ್ತದೆ. ಓದು ಬರಹ ಕಷ್ಟವಾದ ಸದಸ್ಯರು ಮೀಟರಿನ ಚಿತ್ರವನ್ನು ಹೊರಡುವಾಗ ಒಮ್ಮೆ, ಮರಳಿದಾಗ ಒಮ್ಮೆ ಮೊಬೈಲಿನಲ್ಲಿ ತೆಗೆದಿಟ್ಟು, ಕಚೇರಿ ಸಿಬ್ಬಂದಿಯ ನೆರವಿನಿಂದ ಪುಸ್ತಕ ತುಂಬಿಸಬಹುದು. ಸಭೆಯ ಹಾಜರಿ ವಹಿಯಲ್ಲಿ ಸಹಿ ಮಾಡುವುದನ್ನು ಮರೆಯಬೇಡಿ. ನೀವು ಅಲ್ಲಿಗೆ ಹೋಗಿದ್ದಿರಿ ಎಂಬುದಕ್ಕೆ ಅದೇ ಸ್ವತಂತ್ರ ಸಾಕ್ಷ್ಯ.

5. ಬಿಲ್ಲಿನ ಹಾದಿ

ಬಿಲ್ಲನ್ನು ಪ್ರಯಾಣ ಮುಗಿದ ತಿಂಗಳೊಳಗೆ ಸಲ್ಲಿಸುವ ರೂಢಿಯನ್ನು ಇಟ್ಟುಕೊಳ್ಳಿ, ಸ್ವೀಕೃತಿ ಪಡೆಯಿರಿ. ಬಿಲ್ಲಿನೊಂದಿಗೆ ನೋಟಿಸಿನ ಅಥವಾ ಠರಾವಿನ ಪ್ರತಿ, ಹಾಜರಿಯ ದೃಢೀಕರಣ, ಪ್ರಯಾಣ ಪುಸ್ತಕದ ಸಂಬಂಧಿತ ಪುಟದ ಪ್ರತಿ, ಹಾಗೂ ‘ಈ ಪ್ರಯಾಣದ ವೆಚ್ಚವನ್ನು ಬೇರೆ ಯಾವ ಮೂಲದಿಂದಲೂ ಪಡೆದಿರುವುದಿಲ್ಲ’ ಎಂಬ ಸಹಿ ಮಾಡಿದ ಹೇಳಿಕೆ ಇರಲಿ. ಅಧ್ಯಕ್ಷರೇ ಬಿಲ್ಲು ಸಲ್ಲಿಸುವವರಾದಾಗ, ಅದನ್ನು ಸಾಮಾನ್ಯ ಸಭೆಯ ಮುಂದಿಟ್ಟು ಅನುಮೋದನೆ ಪಡೆಯುವುದು ಅವರಿಗೇ ರಕ್ಷಣೆ.

ಯಾವ ಬಾಬ್ತಿನಿಂದ ಪಾವತಿ ಎಂಬುದೂ ಮುಖ್ಯ. ಆಯವ್ಯಯದಲ್ಲಿ ಪ್ರಯಾಣ ವೆಚ್ಚಕ್ಕೆ ಒದಗಿಸಿದ ಶೀರ್ಷಿಕೆಯಿಂದಲೇ ಪಾವತಿಯಾಗಬೇಕು. ನಿರ್ದಿಷ್ಟ ಕಾಮಗಾರಿಗೆಂದು ಬಂದ ಅನುದಾನವನ್ನು ಮುಟ್ಟುವಂತಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಿರ್ಬಂಧರಹಿತವೆಂದು ಕರೆದ ಭಾಗವನ್ನು ಸಹ ವೇತನ ಮತ್ತು ಆಡಳಿತ ವೆಚ್ಚಕ್ಕೆ ಬಳಸಲು ಅವಕಾಶವಿರಲಿಲ್ಲ. ಹಣ ಖಾತೆಯಲ್ಲಿದೆ ಎಂಬುದು ಅದನ್ನು ಖರ್ಚು ಮಾಡಲು ಕಾರಣವಾಗದು. ಆಯವ್ಯಯ ತಯಾರಿಸುವಾಗಲೇ ಪ್ರಯಾಣ ವೆಚ್ಚಕ್ಕೆ ವಾಸ್ತವಿಕ ಮೊತ್ತ ಇಡುವಂತೆ ಸದಸ್ಯರು ಕೇಳಬೇಕು. ಆ ಸಾಲು ಖಾಲಿ ಇದ್ದರೆ ವರ್ಷವಿಡೀ ನ್ಯಾಯವಾದ ಬಿಲ್ಲುಗಳೂ ಕಡತದಲ್ಲೇ ಉಳಿಯುತ್ತವೆ.

ಪಾವತಿಯಾದ ಪ್ರತಿ ಬಿಲ್ಲೂ ಸಾರ್ವಜನಿಕ ದಾಖಲೆ. ವಾರ್ಷಿಕ ಜಮಾಬಂದಿಯಲ್ಲಿ ಗ್ರಾಮಸ್ಥರು ಅದನ್ನು ನೋಡಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾವ ನಾಗರಿಕರೂ ಅದರ ಪ್ರತಿ ಕೇಳಬಹುದು. ಊರಿನವರ ಮುಂದೆ ಓದಿ ಹೇಳಲು ಅಳುಕದ ಬಿಲ್ಲನ್ನೇ ಬರೆಯಿರಿ.

6. ಸದಸ್ಯರ ವಾಹನವನ್ನು ಪಂಚಾಯಿತಿಗೆ ಬಾಡಿಗೆಗೆ ಬಿಡುವಂತಿಲ್ಲ

ಕಿಲೋಮೀಟರ್ ಭತ್ಯೆ ಪಡೆಯುವುದು ಬೇರೆ, ಪಂಚಾಯಿತಿಗೆ ವಾಹನ ಬಾಡಿಗೆಗೆ ಕೊಡುವುದು ಬೇರೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 12ನೇ ಪ್ರಕರಣವು ಸದಸ್ಯರ ಅನರ್ಹತೆಗಳನ್ನು ಹೇಳುತ್ತದೆ. ಪಂಚಾಯಿತಿಯ ಕೆಲಸ ಅಥವಾ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಹಣಕಾಸಿನ ಹಿತಾಸಕ್ತಿ ಹೊಂದಿರುವುದು ಅವುಗಳಲ್ಲೊಂದು. ಸದಸ್ಯರ ಟ್ರ್ಯಾಕ್ಟರನ್ನು ಕಸ ಸಾಗಿಸಲು, ಜೀಪನ್ನು ಕಚೇರಿ ಓಡಾಟಕ್ಕೆ ಮಾಸಿಕ ಬಾಡಿಗೆಗೆ ಗೊತ್ತುಪಡಿಸಿದರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಸದಸ್ಯತ್ವಕ್ಕೇ ಕುತ್ತು ಬರಬಹುದು. ಬೇರೊಬ್ಬರ ಹೆಸರಿನಲ್ಲಿ ಕೊಟ್ಟರೆ ಸರಿಹೋಗುತ್ತದೆ ಎಂಬ ಭಾವನೆಯೂ ತಪ್ಪು. ‘ಪರೋಕ್ಷ’ ಎಂಬ ಪದವಿರುವುದು ಅದಕ್ಕಾಗಿಯೇ.

7. ಸೇವೆಯ ಪ್ರಯಾಣ

ಊರಿನವರ ಕಷ್ಟಕ್ಕೆ ವಾಹನ ಹೊರಡಿಸುವುದು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಂದ ಸಜ್ಜನಿಕೆ. ಅದನ್ನು ನಿಲ್ಲಿಸಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಅದರ ವೆಚ್ಚವನ್ನು ಪಂಚಾಯಿತಿಯ ಪ್ರಯಾಣ ಭತ್ಯೆಯಲ್ಲಿ ಸೇರಿಸಲು ಸಾಧ್ಯವಿಲ್ಲ, ಏಕೆಂದರೆ ಅದು ಪಂಚಾಯಿತಿ ವಹಿಸಿದ ಕೆಲಸವಲ್ಲ. ಈ ಪ್ರಯಾಣಗಳಲ್ಲಿ ಗಮನಿಸಬೇಕಾದ ಅಂಶಗಳು ಹೀಗಿವೆ.

ಮೊದಲು ಸರ್ಕಾರದ ಸೌಲಭ್ಯ. 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರಿಂದ ಇದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಗರ್ಭಿಣಿಗೆ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಮೇಲಿನ ಆಸ್ಪತ್ರೆಗೆ, ಹೆರಿಗೆಯ ನಂತರ ಮನೆಗೆ ಉಚಿತ ಸಾಗಣೆ ಪಡೆಯುವ ಹಕ್ಕಿದೆ. ತಾಯಿ ಮಗುವನ್ನು ಮನೆಗೆ ಮುಟ್ಟಿಸಲು ‘ನಗು-ಮಗು’ ವಾಹನಗಳಿವೆ. ಆಂಬುಲೆನ್ಸಿನಲ್ಲಿ ಆಮ್ಲಜನಕ ಮತ್ತು ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ, ನಮ್ಮ ಕಾರಿನಲ್ಲಿ ಇರುವುದಿಲ್ಲ. ಆದ್ದರಿಂದ ಕೀಲಿಕೈ ತೆಗೆದುಕೊಳ್ಳುವ ಮುನ್ನ 108ಕ್ಕೆ ಕರೆ ಮಾಡಿಸಿ. ಬರುವುದು ತಡವೆಂದಾದರೆ ಹೊರಡಿ.

ಎರಡನೆಯದು ಬಾಡಿಗೆ. ಬಿಳಿ ಫಲಕದ ಖಾಸಗಿ ವಾಹನದಲ್ಲಿ ಬಾಡಿಗೆ ಪಡೆದು ಜನರನ್ನು ಕರೆದೊಯ್ಯಲು 1988ರ ಮೋಟಾರು ವಾಹನ ಕಾಯ್ದೆ ಅನುಮತಿಸುವುದಿಲ್ಲ. ಅದಕ್ಕೆ ಪರ್ಮಿಟ್ ಮತ್ತು ಹಳದಿ ಫಲಕ ಬೇಕು. ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿಯೂ ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸಿದಾಗ ರಕ್ಷಣೆ ಇಲ್ಲವೆಂಬ ಷರತ್ತು ಇರುತ್ತದೆ. ರೋಗಿಯ ಮನೆಯವರು ಪ್ರೀತಿಯಿಂದಲೇ ಜೇಬಿಗೆ ತುರುಕಿದ ನೋಟುಗಳು, ಅಪಘಾತವಾದರೆ ವಿಮಾ ಕಂಪನಿಯ ತಕರಾರಿಗೆ ಕಾರಣವಾಗಬಹುದು. ಪ್ರಯಾಣಿಕರಿಂದ ಹಣ ಪಡೆಯದಿರುವುದೇ ಕ್ಷೇಮ. ಸೇವಾ ಸಂಸ್ಥೆಯೋ ಸಂಘವೋ ಸ್ವಯಂಸೇವಕರ ಇಂಧನ ವೆಚ್ಚ ಭರಿಸಲು ಮುಂದೆ ಬಂದರೆ, ನಿಜವಾದ ವೆಚ್ಚವನ್ನು ಮೀರದಂತೆ, ಸಂಸ್ಥೆಯ ಹೆಸರಿನಲ್ಲಿ ರಸೀದಿ ಸಹಿತ ಪಡೆಯಿರಿ. ಅದಕ್ಕೂ ಪ್ರಯಾಣ ಪುಸ್ತಕದಲ್ಲಿ ಪ್ರತ್ಯೇಕ ಪುಟ ಇಡಿ.

ಮೂರನೆಯದು ವಿಮೆ. ಅನೇಕರ ವಾಹನಕ್ಕೆ ಕಡಿಮೆ ಕಂತಿನ, ಮೂರನೆಯ ವ್ಯಕ್ತಿಗೆ ಮಾತ್ರ ಅನ್ವಯಿಸುವ ಪಾಲಿಸಿ ಇರುತ್ತದೆ. ಬೈಕಿನ ಹಿಂಬದಿ ಸವಾರ ಉಚಿತವಾಗಿ ಬಂದವನಾಗಿದ್ದರೆ ಅಂಥ ಪಾಲಿಸಿಯಡಿ ಪರಿಹಾರ ದೊರೆಯದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಸರಕು ವಾಹನದಲ್ಲಿ ಉಚಿತವಾಗಿ ಕುಳಿತು ಬಂದವರ ವಿಷಯದಲ್ಲಿಯೂ ವಿಮಾ ಕಂಪನಿ ಹೊಣೆಯಲ್ಲವೆಂಬ ತೀರ್ಪು ಅದಕ್ಕೂ ಮೊದಲೇ ಬಂದಿದೆ. ಇದರ ಅರ್ಥ ಸ್ಪಷ್ಟ: ಟ್ರ್ಯಾಕ್ಟರ್ ಟ್ರೈಲರಿನಲ್ಲೋ, ಗೂಡ್ಸ್ ಆಟೋದಲ್ಲೋ, ಪಂಚಾಯಿತಿಯ ಸ್ವಚ್ಛ ವಾಹಿನಿಯಲ್ಲೋ ಜನರನ್ನು ತುಂಬಿಕೊಂಡು ಹೋಗಿ ಅಪಘಾತವಾದರೆ, ಪರಿಹಾರದ ಹೊರೆ ವಾಹನದ ಮಾಲೀಕರ ಹೊಲ ಮನೆಯ ಮೇಲೆ ಬೀಳಬಹುದು. ನೆರವು ಪಡೆದ ಕುಟುಂಬವೂ ನೆರವು ಕೊಟ್ಟ ಕುಟುಂಬವೂ ಒಟ್ಟಿಗೆ ನಷ್ಟಕ್ಕೆ ಸಿಲುಕುವುದು ಹೀಗೆಯೇ. ಆಗಾಗ ಇತರರನ್ನು ಕರೆದೊಯ್ಯುವ ಸದಸ್ಯರು ಸಮಗ್ರ ವಿಮಾ ಪಾಲಿಸಿಯನ್ನೇ ಹೊಂದಿರಲಿ. ಅದರಲ್ಲಿ ಪ್ರಯಾಣಿಕರ ರಕ್ಷಣೆ ಇದೆಯೇ, ಮಾಲೀಕ-ಚಾಲಕರ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ ಸೇರಿದೆಯೇ ಎಂದು ನವೀಕರಣದ ವೇಳೆ ಕೇಳಿ ತಿಳಿಯಿರಿ.

ನಾಲ್ಕನೆಯದು ರಸ್ತೆ ಅಪಘಾತ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ಇನ್ನೂ ಇದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಪ್ರಕರಣವು, ಸದ್ಭಾವನೆಯಿಂದ, ಪ್ರತಿಫಲ ಬಯಸದೆ ಗಾಯಾಳುವಿಗೆ ನೆರವಾದವರಿಗೆ ಸಿವಿಲ್ ಮತ್ತು ಕ್ರಿಮಿನಲ್ ಹೊಣೆಯಿಂದ ರಕ್ಷಣೆ ನೀಡುತ್ತದೆ. ಈ ವಿಷಯವನ್ನು ಗ್ರಾಮಸಭೆಯಲ್ಲಿ ಒಮ್ಮೆ ತಿಳಿಸಿ ಹೇಳುವುದು ಉಪಯುಕ್ತ.

ಐದನೆಯದು ಚುನಾವಣೆಯ ದಿನ. ಮತದಾರರನ್ನು ಮತಗಟ್ಟೆಗೆ ಉಚಿತವಾಗಿ ಸಾಗಿಸಲು ಅಭ್ಯರ್ಥಿಯಾಗಲಿ ಅವರ ಏಜೆಂಟರಾಗಲಿ ವಾಹನ ಒದಗಿಸುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಪ್ರಕರಣದ ಪ್ರಕಾರ ಭ್ರಷ್ಟ ಆಚರಣೆ. ಉಳಿದ ದಿನಗಳಲ್ಲಿ ಸೇವೆಯಾದದ್ದು ಆ ದಿನ ಅಪರಾಧದ ಬಣ್ಣ ಪಡೆಯಬಹುದು. ಅಶಕ್ತ ಮತದಾರರ ವಿಷಯವನ್ನು ಚುನಾವಣಾ ಸಿಬ್ಬಂದಿಯ ಗಮನಕ್ಕೆ ತನ್ನಿ.

8. ಸಾಮಾನ್ಯ ಸಂದೇಹಗಳು

ಪ್ರಶ್ನೆ: ವಾಹನ ನನ್ನ ಪತಿಯ ಹೆಸರಿನಲ್ಲಿದೆ, ಓಡಿಸಿದವರೂ ಅವರೇ. ಸಭೆಗೆ ಹೋದದ್ದು ನಾನು. ಭತ್ಯೆ ಯಾರಿಗೆ?
ಉತ್ತರ: ಕರ್ತವ್ಯ ನಿಮ್ಮದು, ಕ್ಲೇಮು ನಿಮ್ಮದು, ಪಾವತಿ ನಿಮ್ಮ ಬ್ಯಾಂಕ್ ಖಾತೆಗೆ. ವಾಹನ ಯಾರದೆಂದು ಬಿಲ್ಲಿನಲ್ಲಿ ಸತ್ಯವಾಗಿ ಬರೆಯಿರಿ. ಪತಿಯವರು ಸದಸ್ಯರಲ್ಲದ ಕಾರಣ ಅವರ ಹೆಸರಿನಲ್ಲಿ ಬಿಲ್ಲು ಸಲ್ಲದು.

ಪ್ರಶ್ನೆ: ಮನೆಯಿಂದ ಪಂಚಾಯಿತಿ ಕಚೇರಿಗೆ ಬಂದು ಹೋಗುವ ದೂರವನ್ನು ಕೇಳಬಹುದೇ?
ಉತ್ತರ: ಜಾರಿಯಲ್ಲಿರುವ ಆದೇಶದಲ್ಲಿ ಸ್ಪಷ್ಟ ಅವಕಾಶವಿದ್ದರೆ ಮಾತ್ರ.

ಪ್ರಶ್ನೆ: ಸಭೆಗೆ ಹೋದೆ, ಕೋರಂ ಇಲ್ಲದೆ ಸಭೆ ಮುಂದೂಡಲಾಯಿತು. ಪ್ರಯಾಣ ವ್ಯರ್ಥವೇ?
ಉತ್ತರ: ನೋಟಿಸಿನ ಮೇರೆಗೆ ನೀವು ಹೋಗಿದ್ದೀರಿ. ಹಾಜರಿ ವಹಿಯಲ್ಲಿ ಸಹಿ ಮಾಡಿ, ಮುಂದೂಡಿದ ಸಂಗತಿಯನ್ನು ಬಿಲ್ಲಿನಲ್ಲಿ ನಮೂದಿಸಿ ಸಲ್ಲಿಸಿ.

ಪ್ರಶ್ನೆ: ಬಿಲ್ಲನ್ನು ನಿರಾಕರಿಸಿದರೆ?
ಉತ್ತರ: ಕಾರಣವನ್ನು ಲಿಖಿತವಾಗಿ ಕೇಳಿ. ದಾಖಲೆಯ ಕೊರತೆಯಾದರೆ ಒದಗಿಸಿ. ಅನುದಾನದ ಕೊರತೆಯಾದರೆ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಕೋರಿ. ಅಲ್ಲಿಯೂ ಪರಿಹಾರವಾಗದಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಮನವಿ ಸಲ್ಲಿಸಿ.

ಪ್ರಶ್ನೆ: ಮೊತ್ತ ತೀರಾ ಸಣ್ಣದು. ಕೇಳದೆ ಬಿಟ್ಟರೆ ಪಂಚಾಯಿತಿಗೆ ಉಳಿತಾಯವಲ್ಲವೇ?
ಉತ್ತರ: ಬಿಡುವ ಸ್ವಾತಂತ್ರ್ಯ ನಿಮಗಿದೆ. ಆದರೆ ಅನುಕೂಲಸ್ಥರೆಲ್ಲ ಬಿಟ್ಟುಬಿಟ್ಟರೆ, ಅವಶ್ಯವಿರುವ ಸದಸ್ಯರು ಕೇಳಲು ನಾಚುವ ವಾತಾವರಣ ಬೆಳೆಯುತ್ತದೆ ಎಂಬುದನ್ನೂ ಯೋಚಿಸಿ.

ಒಟ್ಟಿನಲ್ಲಿ, ಪ್ರಯಾಣ ಭತ್ಯೆ ಸಂಪಾದನೆಯೂ ಅಲ್ಲ, ಯಾರೋ ಮಾಡುವ ಉಪಕಾರವೂ ಅಲ್ಲ. ಬಡ ಸದಸ್ಯರೂ ಸಿರಿವಂತ ಸದಸ್ಯರೂ ಒಂದೇ ಮೇಜಿನ ಸುತ್ತ ಕೂರಲು ಸಾಧ್ಯವಾಗಲೆಂದು ಕಾನೂನು ಮಾಡಿರುವ ಏರ್ಪಾಡು ಅದು. ಸೇವೆಯ ಪ್ರಯಾಣ ಸದಸ್ಯರ ಸ್ವಂತ ಪುಣ್ಯದ ಲೆಕ್ಕ. ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆದಿಟ್ಟರೆ ಎರಡರ ಘನತೆಯೂ ಉಳಿಯುತ್ತದೆ.

ಎಲ್ಲ ಗ್ರಾಮ ಪಂಚಾಯಿತಿಗಳು ಈ ಲೇಖನವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಹೇಳಿ, ಜಾರಿಯಲ್ಲಿರುವ ದರಪಟ್ಟಿಯ ಪ್ರತಿಯನ್ನು ಕಚೇರಿಯ ಸೂಚನಾ ಫಲಕದಲ್ಲಿ ಪ್ರದರ್ಶಿಸಲು ಕೋರಿದೆ.